ಟಗರು ತಿಣುಕುತ್ತಿದ್ದರೆ ಎಣ್ಣೆ ಕುಡಿಸುವ ಮೊದಲು ಉಚ್ಚೆ ಹೊಯ್ದಿದೆಯಾ ನೋಡಿ

ಹೋದ ಪುಷ್ಯದಲ್ಲಿ ನನ್ನದೊಂದು ಟಗರು ಸತ್ತಿತು. ರೋಗ ಬಂದು ಸತ್ತಿತು ಅನ್ನುವುದಕ್ಕಿಂತ ನಾನು ತಿನ್ನಿಸಿದ್ದರಿಂದ ಸತ್ತಿತು ಅನ್ನುವುದೇ ಸರಿ. ದಾವಣಗೆರೆ, ಹಾವೇರಿ ಕಡೆ ಬಕ್ರೀದ್‌ಗೆಂದು ಮನೆ ಮುಂದೆ ಒಂದೆರಡು ಮರಿ ಕಟ್ಟಿ ಸಾಕುವವರು ಬಹಳ ಜನ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಮರಿ ತಂದಿದ್ದೆ. ಬೇಗ ಮೈ ತುಂಬಲಿ ಎಂದು ಎರಡೇ ತಿಂಗಳಿಗೆ ಅವುಗಳ ಬೀಜ (ವೃಷಣ) ಒಡೆಸಿದೆ. ನಮ್ಮಲ್ಲಿ ಮೆಕ್ಕೆಜೋಳಕ್ಕೇನು ಬರ? ದಿನಕ್ಕೆ ಕಿಲೋ ಹತ್ತಿರ ನುಚ್ಚು, ಗೋಧಿ ಬೂಸಾ, ಕೊನೆಗೆ ಹೆಸರಿಗೊಂದು ಹಿಡಿ ಶೇಂಗಾ ಹೊಟ್ಟು. ಚಳಿಗೆ ಅವು ಬಕೆಟ್ಟಿಗೆ ಬಾಯಿ ಹಾಕುತ್ತಿರಲಿಲ್ಲ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಶನಿವಾರ ಸಂಜೆ ದೊಡ್ಡದು ನುಚ್ಚು ಮೂಸಿ ಬಿಟ್ಟಿತು. ಹಿಂಗಾಲು ಅಗಲಿಸಿ ತಿಣುಕುತ್ತಿತ್ತು, ಬಾಲ ಪಟಪಟ ಆಡಿಸುತ್ತಿತ್ತು, ನಡುನಡುವೆ ಹಲ್ಲು ಕಡಿಯುತ್ತಿತ್ತು. ಓಣಿಯ ಹಿರಿಯರೊಬ್ಬರು ನೋಡಿ, "ಹೊಟ್ಟಿ ಕಟ್ಟೈತಿ ತಮ್ಮಾ, ಎಣ್ಣಿ ಕುಡಿಸು" ಅಂದರು. ಕುಡಿಸಿದೆ. ಅವರ ತಪ್ಪಲ್ಲ, ನನಗೂ ಹಾಗೇ ಕಂಡಿತ್ತು.

ಭಾನುವಾರ ಬೆಳಿಗ್ಗೆ ಕಸ ಹೊಡೆಯಲು ಹೋದ ನನ್ನ ಹೆಂಡತಿ, "ರೀ, ಇದು ನಿಂತ ಚೀಲ ಒಣಗೇ ಐತಲ್ರೀ" ಅಂದಳು. ಆಗಲೇ ಆಸ್ಪತ್ರೆಗೆ ಓಡಬೇಕಿತ್ತು. ಭಾನುವಾರ, ಬಾಗಿಲು ಹಾಕಿರುತ್ತದೆ ಎಂದುಕೊಂಡು ಊರಲ್ಲಿ ಸೂಜಿ ಹಾಕುವವನನ್ನು ಕರೆಸಿದೆ. ಅವನು ಉಚ್ಚೆ ಬರಿಸುವ ಇಂಜೆಕ್ಷನ್ ಕೊಟ್ಟು ಹೋದ. ಬಾಯಿ ಬಿಗಿದ ಬಲೂನಿಗೆ ಇನ್ನೂ ನೀರು ತುಂಬಿದ ಹಾಗಾಯಿತು.

ಸೋಮವಾರ ಟಗರು ಸುಮ್ಮನೆ ನಿಂತಿತ್ತು. ತಿಣುಕಾಟ ಇಲ್ಲ, ನರಳಾಟ ಇಲ್ಲ. ಗುಣವಾಯಿತು ಎಂದು ನಾನು ಹೊಲಕ್ಕೆ ಹೋದೆ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುವುದು ಅದಕ್ಕೇ. ಅದು ಗುಣವಾಗಿರಲಿಲ್ಲ, ಮೂತ್ರಕೋಶ ಒಡೆದು ನೋವು ಸಡಿಲವಾಗಿತ್ತು ಅಷ್ಟೆ. ಸಂಜೆಗೆ ಹೊಟ್ಟೆ ಎರಡೂ ಕಡೆ ಜೋತುಬಿದ್ದಿತ್ತು, ತಟ್ಟಿದರೆ ನೀರು ಅಲುಗಿದ ಹಾಗೆ ಅಲುಗುತ್ತಿತ್ತು. ಮಂಗಳವಾರ ಬೆಳಗಾಗುವುದರೊಳಗೆ ಹೋಯಿತು.

ಪಶುವೈದ್ಯರು ಕೊಯ್ದು ತೋರಿಸಿದರು. ಹೊಟ್ಟೆ ತುಂಬ ಉಚ್ಚೆಯ ವಾಸನೆ. ಟಗರಿನ ಮೂತ್ರನಾಳದ ತುದಿಯಲ್ಲಿ ಎರೆಹುಳದಂಥ ಸಣ್ಣ ಎಳೆಯೊಂದಿರುತ್ತದೆ, ಅದರೊಳಗೆ ಮರಳಿನಂಥ ಹರಳು ಗಿಡಿದಿತ್ತು. ಮೇಲೆ ನಾಳ ಡೊಂಕಾಗಿ ತಿರುಗುವ ಕಡೆಯೂ ಅಷ್ಟೇ. ಹೆಣ್ಣು ಕುರಿಯ ನಾಳ ಗಿಡ್ಡ, ಅಗಲ, ಹರಳಿದ್ದರೂ ಸಾಮಾನ್ಯವಾಗಿ ಹೊರಗೆ ಬಂದುಬಿಡುತ್ತದೆ. ಗಂಡಿನದು ಉದ್ದ, ಸಪೂರ. ಬೀಜ ಬೇಗ ಒಡೆಸಿದರೆ ಅದು ಪೂರ್ತಿ ಬೆಳೆಯುವುದೂ ಇಲ್ಲವಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಹರಳಿಗೆ ಮೂಲ ನುಚ್ಚು, ಬೂಸಾ. ಅವುಗಳಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದ ಅಂಶ ತೀರಾ ಕಡಿಮೆ. ಮೇವಿನಲ್ಲಿ ರಂಜಕ ಒಂದು ಪಾಲಿದ್ದರೆ ಸುಣ್ಣ ಎರಡು ಪಾಲು ಇರಬೇಕು. ಬೂಸಾದಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಹೊಟ್ಟು, ಹುಲ್ಲು ತಿಂದು ಚೆನ್ನಾಗಿ ಮೆಲುಕು ಹಾಕಿದರೆ ಜೊಲ್ಲಿನ ಜೊತೆ ರಂಜಕ ಹೊಟ್ಟೆಗೆ ಹೋಗಿ ಹಿಕ್ಕೆಯಲ್ಲಿ ಹೊರಬೀಳುತ್ತದೆ. ನುಚ್ಚಿಗೆ ಮೆಲುಕೆಲ್ಲಿ? ಆಗ ಅದು ಉಚ್ಚೆಗೆ ಇಳಿಯುತ್ತದೆ. ನೀರು ಕಡಿಮೆಯಾಗಿ ಉಚ್ಚೆ ಗಟ್ಟಿಯಾದರೆ ಹರಳು ಕಟ್ಟುತ್ತದೆ. ನಾನು ಖನಿಜದ ಪುಡಿಯನ್ನೂ ಅಳತೆಯಿಲ್ಲದೆ ಹಾಕುತ್ತಿದ್ದೆ. ಡಾಕ್ಟರು ಡಬ್ಬಿ ತರಿಸಿ ನೋಡಿದರು, ಅದರಲ್ಲೂ ರಂಜಕ!

ಶನಿವಾರವೇ ಬಂದಿದ್ದರೆ ಆ ಹುಳದಂಥ ತುದಿ ಕತ್ತರಿಸಿ ಒಮ್ಮೊಮ್ಮೆ ದಾರಿ ಬಿಡಿಸಬಹುದಂತೆ. ಮೇಲೆ ಕಟ್ಟಿದ್ದರೆ ಆಪರೇಷನ್ ಮಾಡಿ ಮೂತ್ರಕೋಶಕ್ಕೆ ಕೊಳವೆ ಇಡಬೇಕು. ಶಿವಮೊಗ್ಗ, ಹೆಬ್ಬಾಳದಂಥ ಪಶುವೈದ್ಯ ಕಾಲೇಜುಗಳ ಕಡೆಗೇ ಹೋಗಬೇಕಾದೀತು. ಪೂರ್ತಿ ಕಟ್ಟಿದ ಮೇಲೆ ಒಂದೆರಡು ದಿನದಲ್ಲೇ ಮೂತ್ರಕೋಶ ಒಡೆಯಬಹುದು, ಹಾಗಾಗಿ ಕಾಯಲು ಸಮಯವಿಲ್ಲ. ಪಶು ಸಹಾಯವಾಣಿ 1962 ಫೋನಿನಲ್ಲೇ ಇತ್ತು, ನೆನಪಾಗಲಿಲ್ಲ. ಉಚ್ಚೆ ಬರಿಸುವ ಇಂಜೆಕ್ಷನ್ ಮಾತ್ರ ಯಾರು ಹೇಳಿದರೂ ಹಾಕಿಸಬೇಡಿ.

ಅಂದೇ ಎರಡನೆಯದನ್ನೂ ತೋರಿಸಿದೆ. ಅದರ ಉಚ್ಚೆ ಬರುವ ಕಡೆಯ ಕೂದಲು ತಿಕ್ಕಿದರೆ ಬೆರಳಿಗೆ ಮರಳು ಹತ್ತಿತು! ನುಚ್ಚು ಮುಷ್ಟಿಗೆ ಇಳಿಸಿದೆ, ಹೊಟ್ಟು, ಸೊಪ್ಪು ಹೆಚ್ಚಿಸಿದೆ. ಬಾಯಾರಲಿ ಎಂದು ಮೇವಿಗೆ ಉಪ್ಪು ಹಾಕುತ್ತಿದ್ದೇವೆ, ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಡುತ್ತೇವೆ. ಉಚ್ಚೆ ಹುಳಿಯಾದರೆ ಇಂಥ ಹರಳು ಕರಗುತ್ತದೆಂದು ಡಾಕ್ಟರು ನವಸಾಗರವನ್ನು (ಅಮೋನಿಯಂ ಕ್ಲೋರೈಡ್) ಟಗರಿನ ತೂಕ ನೋಡಿ ಬರೆದುಕೊಟ್ಟಿದ್ದಾರೆ. ಅಂದಾಜಿನ ಮೇಲೆ ನೀವಾಗಿಯೇ ಕೊಡಬೇಡಿ, ಜಾಸ್ತಿಯಾದರೆ ಅದೂ ಕೆಡುಕೇ. ನಿನ್ನೆ ತಿಕ್ಕಿ ನೋಡಿದಾಗ ಇನ್ನೂ ಒಂದೆರಡು ಕಾಳು ಸಿಕ್ಕಿತು. ಸೋಮವಾರ ಮತ್ತೆ ಕರೆದುಕೊಂಡು ಹೋಗುತ್ತಿದ್ದೇನೆ.