ಸ್ಟೆಂಟ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಈ ಕೊಲೆಸ್ಟ್ರಾಲ್ ಪುಡಿಗಳ ಬಗ್ಗೆ ಹುಷಾರಾಗಿರಿ

ಹೋದ ವರ್ಷ ಯುಗಾದಿ ಮುಗಿದ ವಾರಕ್ಕೆ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು. ಎರಡು ಸ್ಟೆಂಟ್ ಹಾಕಿದರು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲ್ ಇಳಿಸಲು ರಾತ್ರಿಗೆ ಸ್ಟಾಟಿನ್ ಗುಂಪಿನ ಅಟೊರ್ವಾಸ್ಟಾಟಿನ್ 80 ಮಿಲಿಗ್ರಾಂ. ಮೂರು ತಿಂಗಳಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 156ರಿಂದ 64ಕ್ಕೆ ಇಳಿಯಿತು. ನಾವೆಲ್ಲ ನಿರಾಳವಾಗಿದ್ದೆವು.

ಅಪ್ಪ ಒಂದು ವಿಷಯ ಹೇಳಿರಲಿಲ್ಲ. ರಾತ್ರಿ ಹೊತ್ತು ಅವರ ಮೀನಖಂಡ ನೋಯುತ್ತಿತ್ತು. ಅಮ್ಮ ಎಣ್ಣೆ ತಿಕ್ಕುತ್ತಿದ್ದರು. ಡಾಕ್ಟರ್ ಮುಂದೆ ಕೂತಾಗ ಮಾತ್ರ "ಏನೂ ತೊಂದರೆ ಇಲ್ಲ ಸಾರ್" ಅನ್ನುತ್ತಿದ್ದರು.

ದಸರಾ ಹೊತ್ತಿಗೆ ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಉಚಿತ ಬಿ.ಪಿ. ತಪಾಸಣೆ ಎಂದು ಶಿಬಿರ ಮಾಡಿದರು. ಬಿಳಿ ಕೋಟು ಹಾಕಿಕೊಂಡಿದ್ದ ಒಬ್ಬರು ಅಪ್ಪನ ಮಾತ್ರೆ ಚೀಟಿ ನೋಡಿ, "ಯಜಮಾನರೇ, ನಿಮ್ಮ ಕಾಲುನೋವಿಗೆ ಈ ಇಂಗ್ಲಿಷ್ ಮಾತ್ರೆಯೇ ಕಾರಣ. ಇದು ಲಿವರನ್ನೂ ಹಾಳು ಮಾಡುತ್ತೆ. ನಮ್ಮದು ಬರೀ ಬೇರು, ತೊಗಟೆ. ಮೂರು ತಿಂಗಳಲ್ಲಿ ಬ್ಲಾಕ್ ಕರಗುತ್ತೆ" ಎಂದರಂತೆ. ಮೊದಲ ಮಾತಿನಲ್ಲಿ ಸ್ವಲ್ಪ ನಿಜ ಇತ್ತು, ಅದಕ್ಕೇ ಅಪ್ಪ ಉಳಿದದ್ದನ್ನೂ ನಂಬಿದರು. 5,400 ರೂಪಾಯಿ ಕೊಟ್ಟು ಮಾತ್ರೆ, ಪುಡಿ ಎರಡನ್ನೂ ತಂದರು. ಡಬ್ಬಿಯ ಮೇಲೆ ಗುಗ್ಗುಳ (ಒಂದು ಗಿಡದ ಅಂಟು), ಬೆಳ್ಳುಳ್ಳಿ ಸಾರ, ಹೊಳೆಮತ್ತಿ ತೊಗಟೆ, ಅರಿಶಿನ ಎಂದಿತ್ತು. ನಾನೂ ನೋಡಿದೆ. ಗಿಡಮೂಲಿಕೆ ತಾನೇ, ಏನಾಗುತ್ತೆ ಎಂದು ಸುಮ್ಮನಾದೆ. ಅಟೊರ್ವಾಸ್ಟಾಟಿನ್ ನಿಲ್ಲಿಸಿದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಡಿಸೆಂಬರಿನಲ್ಲಿ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಸಂಕ್ರಾಂತಿ ಆಗಿ ಎರಡು ದಿನಕ್ಕೆ ದೇವಸ್ಥಾನದ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಂಜಿಯೋಗ್ರಾಂನಲ್ಲಿ ಇನ್ನೊಂದು ರಕ್ತನಾಳದಲ್ಲಿ ಬ್ಲಾಕ್ ಕಂಡಿತು. ಎಲ್‌ಡಿಎಲ್ 151. ಮೂರನೇ ಸ್ಟೆಂಟ್ ಬಿತ್ತು.

ಡಾಕ್ಟರ್ ಬೈಯಲಿಲ್ಲ. "ನೋಡಮ್ಮಾ, ಮಾತ್ರೆ ಬಿಟ್ಟದ್ದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಇವರಂಥವರಿಗೆ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ಸ್ಟಾಟಿನ್ ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಮಟ್ಟಕ್ಕೆ ಹೋಗುತ್ತೆ" ಎಂದರು. ಬೆಳ್ಳುಳ್ಳಿ ಸಾರವೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ ಎಂದರು. ಸಾರಿನ ಒಗ್ಗರಣೆಗೆ ಹಾಕುವ ನಾಲ್ಕು ಎಸಳಿನ ಮಾತಲ್ಲ ಇದು. ಗಟ್ಟಿ ಮಾಡಿದ ಸಾರ, ದಿನಕ್ಕೆ ಎರಡು ಹೊತ್ತು. ಗುಗ್ಗುಳವಂತೂ ಡಿಲ್ಟಿಯಾಜೆಮ್, ಪ್ರೊಪ್ರನಲಾಲ್‌ನಂಥ ಹೃದಯದ ಔಷಧಿ ರಕ್ತಕ್ಕೆ ಸೇರುವುದನ್ನೇ ತಗ್ಗಿಸುತ್ತದೆ.

ಆಮೇಲೆ ನಾನೇ ಕೂತು ಓದಿದೆ. ಗುಗ್ಗುಳವನ್ನು ಹೀಗಳೆಯಬೇಕು ಅಂತಲ್ಲ. ಲಖನೌನಲ್ಲಿರುವ ಸರ್ಕಾರಿ ಔಷಧ ಸಂಶೋಧನಾ ಕೇಂದ್ರವಾದ ಸಿಡಿಆರ್‌ಐ ಸಂಸ್ಥೆಯಲ್ಲೇ ಅದರಿಂದ ಕೊಲೆಸ್ಟ್ರಾಲ್ ಔಷಧಿ ತಯಾರಾಗಿತ್ತು. ಆದರೆ 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಎಂಟು ವಾರ ಗುಗ್ಗುಳ ಸೇವಿಸಿದವರ ಎಲ್‌ಡಿಎಲ್ ಇಳಿಯುವುದಿರಲಿ, ಶೇ. 4-5ರಷ್ಟು ಏರಿತ್ತು. ಕೆಲವರಿಗೆ ಮೈಮೇಲೆ ದದ್ದು ಬಂದಿತ್ತು. 2022ರ ಇನ್ನೊಂದು ಅಧ್ಯಯನದಲ್ಲಿ ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ ಹೀಗೆ ಆರು ಬಗೆಯ ಸಪ್ಲಿಮೆಂಟ್‌ಗಳನ್ನು ರೊಸುವಾಸ್ಟಾಟಿನ್ ಎಂಬ ಇನ್ನೊಂದು ಸ್ಟಾಟಿನ್‌ನ 5 ಮಿಲಿಗ್ರಾಂ ಮಾತ್ರೆಯ ಜೊತೆ ಹೋಲಿಸಿದರು. 28 ದಿನದಲ್ಲಿ ಆ ಪುಟ್ಟ ಮಾತ್ರೆ ಎಲ್‌ಡಿಎಲ್ ಅನ್ನು ಸುಮಾರು ಶೇ. 38ರಷ್ಟು ಇಳಿಸಿತು. ಸಪ್ಲಿಮೆಂಟ್‌ಗಳು ಅದರ ಹತ್ತಿರಕ್ಕೂ ಬರಲಿಲ್ಲ.

ಅಮೆರಿಕದಿಂದ ಬರುವ ನೆಂಟರು ತಂದುಕೊಡುವ ರೆಡ್ ಈಸ್ಟ್ ರೈಸ್ (ಈಸ್ಟ್ ಬೆಳೆಸಿದ ಕೆಂಪು ಅಕ್ಕಿ) ಕ್ಯಾಪ್ಸೂಲ್ ಬಗ್ಗೆಯೂ ಹೇಳಬೇಕು. ಅದರಲ್ಲಿರುವ ಮೊನಕೊಲಿನ್ ಕೆ ಎಂಬುದು ಲೊವಾಸ್ಟಾಟಿನ್ ಎಂಬ ಮಾತ್ರೆಯೊಳಗಿನ ವಸ್ತುವೇ. ಒಂದೊಂದು ಡಬ್ಬಿಯಲ್ಲಿ ಒಂದೊಂದು ಪ್ರಮಾಣ. ಡಾಕ್ಟರ್ ಕೊಟ್ಟ ಸ್ಟಾಟಿನ್ ಜೊತೆ ಅದನ್ನೂ ನುಂಗಿದರೆ ಸ್ನಾಯುಗಳಿಗೆ, ಲಿವರಿಗೆ ಪೆಟ್ಟು ಬೀಳಬಹುದು.

ನನಗೆ ಇವತ್ತಿಗೂ ಸಂಕಟವಾಗುವುದು ಅಪ್ಪನ ಕಾಲುನೋವನ್ನು ನೆನೆದಾಗ. ಅದಕ್ಕೆ ಡಾಕ್ಟರ್ ಹತ್ತಿರ ದಾರಿ ಇತ್ತು. ಮಾತ್ರೆ ಬದಲಿಸಿ ರೊಸುವಾಸ್ಟಾಟಿನ್ ಕೊಟ್ಟರು, ಜೊತೆಗೆ ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ. ಎರಡು ತಿಂಗಳಿಂದ ನೋವಿಲ್ಲ, ಎಲ್‌ಡಿಎಲ್ 52. ಒಂದು ಮಾತು ಹೇಳಿದ್ದರೆ ದಸರಾಕ್ಕೆ ಮುಂಚೆಯೇ ಆಗುತ್ತಿದ್ದ ಕೆಲಸ ಅಲ್ವಾ ಇದು?

ಹೃದಯದ ಕಾಯಿಲೆ ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಡಿ ಅಪರಾಧ. "ಬ್ಲಾಕ್ ಕರಗುತ್ತೆ" ಎಂಬ ಕರಪತ್ರ ಕೈಗೆ ಬಂದರೆ ಇದನ್ನು ನೆನಪಿಡಿ.

ನಿಮ್ಮ ಅಪ್ಪ, ಅಮ್ಮ, ಮಾವ ಯಾರಿಗಾದರೂ ಸ್ಟೆಂಟ್ ಇದ್ದರೆ ಇವತ್ತೇ ಅವರ ಮಾತ್ರೆ ಡಬ್ಬಿ ತೆಗೆದು ನೋಡಿ. ಪುಡಿ, ಕಷಾಯ, ಕ್ಯಾಪ್ಸೂಲ್ ಏನಿದ್ದರೂ ಒಂದೇ ಚೀಲಕ್ಕೆ ಹಾಕಿ ಡಾಕ್ಟರ್ ಮೇಜಿನ ಮೇಲೆ ಇಡಿ. ರಾತ್ರಿ ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಖಾಲಿಯಾಗಿದೆ ಎಂದೂ ಎಣಿಸಿ. ನಮ್ಮ ಮನೆಯಲ್ಲಿ ಆ ಪಟ್ಟಿಗಳು ದೇವರ ಮನೆಯ ಗೂಡಿನಲ್ಲಿ, ಒಂದೂ ಒಡೆಯದೆ ಸಿಕ್ಕಿದವು.