ಹಾರ್ಡ್ ಲ್ಯಾಂಡಿಂಗ್ ತಾಳಿಕೊಳ್ಳುವ ಕಾಲುಗಳು: ಸೆಸ್ನಾ 172, ಪೈಪರ್ ವಾರಿಯರ್

ಸಣ್ಣ ತರಬೇತಿ ವಿಮಾನವಾದ ಸೆಸ್ನಾ 172ರಲ್ಲಿ ಹಾರಾಟ ಕಲಿಯಲು ಆರಂಭಿಸಿ, ಅಂಥದ್ದೇ ಇನ್ನೊಂದಾದ ಪೈಪರ್ ವಾರಿಯರ್‌ಗೆ ಬದಲಾದವನು ನಾನು. ಮತ್ತೆ ಆರಿಸುವುದಾದರೆ ಮೊದಲ ದಿನದಿಂದಲೇ ವಾರಿಯರ್.

ಸೆಸ್ನಾದ ಮುಖ್ಯ ಚಕ್ರಗಳ ಕಾಲು ಬರೀ ಉಕ್ಕು. ಸೋರುವ ಎಣ್ಣೆಯಿಲ್ಲ, ಸವೆಯುವ ಸೀಲ್ ಇಲ್ಲ. ಆದರೆ ಉಕ್ಕು ಬಾಗಿ, ಪಡೆದ ಹೊಡೆತದ ಬಹುಪಾಲನ್ನು ತಿರುಗಿ ಕೊಡುತ್ತದೆ. ವಿಮಾನ ಪುಟಿದೇಳುತ್ತದೆ, ಗಾಬರಿಯಾದ ವಿದ್ಯಾರ್ಥಿ ಯೋಕ್ (ವಿಮಾನದ ಸ್ಟಿಯರಿಂಗ್) ಅನ್ನು ಮುಂದಕ್ಕೆ ಒತ್ತುತ್ತಾನೆ, ಮೂಗಿನ ಚಕ್ರ ಮೊದಲು ನೆಲಕ್ಕೆ ಬಡಿಯುತ್ತದೆ. ಆ ಚಕ್ರದ ಸ್ಟ್ರಟ್ (ಚಕ್ರ ಹೊತ್ತ ಕಾಲು) ಜೋಡಿಸಿರುವುದು ಎಂಜಿನ್ನಿನ ಹಿಂದಿನ ಫೈರ್‌ವಾಲ್‌ಗೆ. ತೆಳು ಲೋಹದ ಆ ಗೋಡೆ ಸುಕ್ಕುಗಟ್ಟುತ್ತದೆ.

ಸುಕ್ಕು ಹೊರಗೆ ಕಾಣುವುದಿಲ್ಲ ಎಂಬುದೇ ನನ್ನ ತಕರಾರು. ನಾನು ಮುಂಗಡ ಹಣ ಕಟ್ಟಿದ್ದ ವಿಮಾನವನ್ನು ಯಾರೋ ಗಟ್ಟಿಯಾಗಿ ಇಳಿಸಿ, ಯಾರಿಗೂ ಹೇಳದೆ ಹೋಗಿದ್ದರು. ಕಾಲಿನಿಂದ ದಿಕ್ಕು ತಿರುಗಿಸುವ ರಡ್ಡರ್ ಪೆಡಲ್ ಬಿಗಿಯಾಗಿದೆ ಎಂದು ನಾನು ಪಟ್ಟು ಹಿಡಿದ ಮೇಲೆ ಎಂಜಿನ್ನಿನ ಹೊದಿಕೆ (ಕೌಲಿಂಗ್) ಬಿಚ್ಚಿದರು. ಸಡಿಲಗೊಂಡ ರಿವೆಟ್‌ಗಳ ಸುತ್ತ ಕಪ್ಪು ಮಸಿ, ಹಾಳೆಯ ಮೇಲೆ ಮಡಿಕೆ. ದುರಸ್ತಿಗೆ ಎಂಜಿನ್ನನ್ನೇ ಕಳಚಬೇಕಾಯಿತು. ವಾರಗಟ್ಟಲೆ ಹಾರಾಟವಿಲ್ಲ. ಫ್ಲೇರ್‌ನ (ನೆಲ ಮುಟ್ಟುವ ಮುನ್ನ ಮೂಗೆತ್ತುವುದರ) ಅಂದಾಜು ಕೈಗೆ ಹತ್ತುತ್ತಿದ್ದ ಹೊತ್ತಿನಲ್ಲಿ ಇಂಥ ಬಿಡುವು ಬಿದ್ದರೆ ಕಲಿತದ್ದೂ ಜಾರುತ್ತದೆ. ಅದನ್ನು ಮರಳಿ ಪಡೆಯಲು ಮತ್ತೆ ಹಣ ತೆರಬೇಕು.

ವಾರಿಯರ್‌ನ ಮೂರೂ ಕಾಲುಗಳು ಓಲಿಯೊ ಸ್ಟ್ರಟ್, ಅಂದರೆ ಎಣ್ಣೆ-ಗಾಳಿ ತುಂಬಿದ ಶಾಕ್ ಅಬ್ಸಾರ್ಬರ್. ಒಳಗಿನ ಎಣ್ಣೆ ಸಣ್ಣ ರಂಧ್ರದಲ್ಲಿ ನುಗ್ಗುವಾಗ ಹೊಡೆತದ ಶಕ್ತಿ ಶಾಖವಾಗಿ ಕರಗುತ್ತದೆ, ಪುಟಿತ ಕಡಿಮೆ. ಮೂಗಿನ ಸ್ಟ್ರಟ್ ನಿಂತಿರುವುದು ಎಂಜಿನ್ ಹೊರುವ ಚೌಕಟ್ಟಿನ (ಎಂಜಿನ್ ಮೌಂಟ್) ಮೇಲೆ. ಗಟ್ಟಿಯಾಗಿ ಬಡಿದರೆ ಅದೂ ಬಾಗುತ್ತದೆ, ನಿಜ. ಆದರೆ ಸ್ಟ್ರಟ್‌ನ ಸ್ಥಿತಿ ಹಾರಾಟಕ್ಕೆ ಮುಂಚಿನ ತಪಾಸಣೆಯಲ್ಲೇ ಕಣ್ಣಿಗೆ ಬೀಳುತ್ತದೆ: ಮುಖ್ಯ ಕಾಲುಗಳಲ್ಲಿ ಹೊಳೆಯುವ ಕೊಳವೆ ಸುಮಾರು 4.5 ಇಂಚು, ಮೂಗಿನದರಲ್ಲಿ 3.25 ಇಂಚು ಹೊರಗಿರಬೇಕು. ಕುಸಿದಿದ್ದರೆ, ಕೆಂಪು ಎಣ್ಣೆ ಒಸರಿದ್ದರೆ, ಹತ್ತುವ ಮೊದಲೇ ಮೆಕ್ಯಾನಿಕ್ ಅನ್ನು ಕರೆಯುತ್ತೇನೆ.

ವಾರಿಯರ್‌ಗೂ ಕುಂದುಗಳಿವೆ. ಸೀಲ್ ಆಗಾಗ ಸೋರುತ್ತದೆ. ವೇಗ ಹೆಚ್ಚಿದ್ದರೆ ರೆಕ್ಕೆ ಒಡಲಿನ ತಳದಲ್ಲಿರುವುದರಿಂದ ವಿಮಾನ ಇಳಿಯದೆ ನೆಲದ ಹತ್ತಿರ ತೇಲುತ್ತಲೇ ಇರುತ್ತದೆ. ಮೂಗಿನ ಚಕ್ರ ಪೆಡಲ್‌ಗೆ ನೇರವಾಗಿ ಜೋಡಿಸಿರುವುದರಿಂದ ಅಡ್ಡಗಾಳಿಯಲ್ಲಿ ಅದು ನೆಲ ಮುಟ್ಟುವ ಮೊದಲು ಪೆಡಲ್ ನಡುವಿಗೆ ತರಬೇಕು. ಒಳಗೆ ಕುಳಿತು ಹೊರಗೆ ನೋಡಲಂತೂ ಸೆಸ್ನಾವೇ ಮೇಲು.

ಪುಟಿದ ವಿಮಾನವನ್ನು ಯೋಕ್ ಒತ್ತಿ ಕೂರಿಸಬಾರದು, ಪೂರ್ತಿ ಪವರ್ ಕೊಟ್ಟು ಮತ್ತೆ ಸುತ್ತಿ ಬರಬೇಕು. ಇದು ಎರಡಕ್ಕೂ ಒಂದೇ.

ಸಂಬಳದಲ್ಲಿ ಉಳಿಸಿ ರಜಾದಿನಗಳಲ್ಲಿ ಮಾತ್ರ ಹಾರುವವನು ನಾನು. ಸೀಲ್ ಬದಲಿಸಲು ಒಂದು ದಿನ ಕಾಯಬಲ್ಲೆ, ಫೈರ್‌ವಾಲ್‌ಗಾಗಿ ವಾರಗಟ್ಟಲೆ ಕಾಯಲಾರೆ. ವಿಮಾನಗಳು ಧಾರಾಳವಾಗಿದ್ದು, ಒಂದು ನಿಂತರೆ ಇನ್ನೊಂದು ಸಿಗುವ ಕಡೆ ಕಲಿಯುವವರಿಗೆ ಸೆಸ್ನಾ ಸಾಕು.