ಎನ್‌ವಿಡಿಎ: ಜಾಲತಾಣಗಳ ಅಕ್ಸೆಸಿಬಿಲಿಟಿ ತಪಾಸಣೆಯಲ್ಲಿ ನನ್ನ ದೀರ್ಘಕಾಲದ ಸಂಗಾತಿ

ದೃಷ್ಟಿಯಿಲ್ಲದ ನನಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶ) ಓದಿನ ಸಾಧನವೂ ಹೌದು, ಹೊಟ್ಟೆಪಾಡಿನ ಸಾಧನವೂ ಹೌದು. ಡೊಂಬಿವಲಿಯ ಮನೆಯಲ್ಲಿ ಕುಳಿತು, ಮುಂಬಯಿ ಮತ್ತು ಠಾಣೆಯ ಸಣ್ಣಪುಟ್ಟ ಸಂಸ್ಥೆಗಳ ಜಾಲತಾಣಗಳನ್ನು ಅಂಗವಿಕಲರು ಬಳಸಬಲ್ಲರೇ ಎಂದು ತಪಾಸಿಸಿ ವರದಿ ಬರೆದುಕೊಡುವುದು ನನ್ನ ಕೆಲಸ. ಈ ತಂತ್ರಾಂಶದ ವೈಶಿಷ್ಟ್ಯಗಳ ಪಟ್ಟಿ ಎಲ್ಲೆಡೆ ಸಿಗುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ತಪಾಸಣೆ ಮಾಡುವವರಿಗೆ ಇದು ಎಷ್ಟರ ಮಟ್ಟಿಗೆ ಒದಗುತ್ತದೆ, ಕನ್ನಡ ಪುಟಗಳು ಎದುರಾದಾಗ ಏನಾಗುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲಿಗೆ ಬೆಲೆಯ ಮಾತು. ಇದು ಸಂಪೂರ್ಣ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಇದನ್ನು ಬರೆಯಲು ಆರಂಭಿಸಿದರು, ಆಮೇಲೆ ಜೇಮ್ಸ್ ಟೆ ಕೂಡ ಕೈಜೋಡಿಸಿದರು, ಮತ್ತು ಇಬ್ಬರೂ ದೃಷ್ಟಿವಿಕಲರು. ಸಂಘಗಳು, ಪತ್ತಿನ ಸಹಕಾರಿ ಸೊಸೈಟಿಗಳು ಕೊಡುವ ಸಂಭಾವನೆಯಲ್ಲಿ ಬದುಕುವ ನನಗೆ ದುಬಾರಿ ಪರವಾನಗಿಯ ಸ್ಕ್ರೀನ್ ರೀಡರನ್ನು ಕೊಳ್ಳುವುದು ಸಾಧ್ಯವೇ ಇರಲಿಲ್ಲ. ನಾನು ಖರ್ಚು ಮಾಡಿದ್ದು ಒಂದೇ ಒಂದು ವಸ್ತುವಿಗೆ: ಲ್ಯಾಪ್‌ಟಾಪಿನಲ್ಲಿ ಬಲಬದಿಯ ಅಂಕಿಗಳ ಕೀಲಿಗಳಿಲ್ಲವಾದ್ದರಿಂದ ಕೆಲವು ನೂರು ರೂಪಾಯಿ ಕೊಟ್ಟು ಪ್ರತ್ಯೇಕ ಕೀಬೋರ್ಡ್ ತಂದೆ. ಆ ಕೀಲಿಗಳು ಏಕೆ ಬೇಕಾದವು ಎಂಬುದನ್ನು ಮುಂದೆ ಹೇಳುತ್ತೇನೆ.

ಉಚಿತ ಎಂಬ ಕಾರಣಕ್ಕೆ ಹಿಡಿದುಕೊಂಡ ಈ ತಂತ್ರಾಂಶ ನನ್ನನ್ನು ಗೆದ್ದುಕೊಂಡದ್ದು ಬೇರೆಯೇ ಒಂದು ಗುಣದಿಂದ. ಅದು ಜಾಲತಾಣದ ತಪ್ಪನ್ನು ಮುಚ್ಚಿಹಾಕುವುದಿಲ್ಲ. ಕೆಲವು ಸ್ಕ್ರೀನ್ ರೀಡರ್‌ಗಳು ಅರ್ಜಿಯ ಪೆಟ್ಟಿಗೆಯೊಂದಕ್ಕೆ ಹೆಸರು ಜೋಡಿಸಿರದಿದ್ದರೆ ಪಕ್ಕದಲ್ಲಿರುವ ಪಠ್ಯವನ್ನು ನೋಡಿ ಊಹಿಸಿ ಓದಿಬಿಡುತ್ತವೆ. ದಿನನಿತ್ಯದ ಬಳಕೆದಾರರಿಗೆ ಅದು ಉಪಕಾರವೇ ಸರಿ, ಆದರೆ ತಪಾಸಣೆ ಮಾಡುವವರಿಗೆ ದೋಷವೇ ಕಾಣದಂತಾಗುತ್ತದೆ. ಎನ್‌ವಿಡಿಎ ಹೆಚ್ಚಿನ ಸಂದರ್ಭಗಳಲ್ಲಿ ಹಾಗೆ ಊಹಿಸಲು ಹೋಗದೆ, ಬ್ರೌಸರ್ ಒಪ್ಪಿಸಿದ್ದನ್ನಷ್ಟೇ ಹೇಳುತ್ತದೆ.

ಬೆಳಗಿನ ಲೋಕಲ್ ರೈಲುಗಳ ಗದ್ದಲ ಸ್ವಲ್ಪ ತಗ್ಗಿದ ಮೇಲೆ ಕಾಫಿ ಮುಗಿಸಿ ನಾನು ಕೆಲಸಕ್ಕೆ ಕೂರುತ್ತೇನೆ. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ, ಇನ್ನೊಂದು ಕಿವಿ ಮನೆಯವರಿಗೂ ಬಾಗಿಲಿನ ಗಂಟೆಗೂ ಮೀಸಲು. ಹೊಸ ತಾಣ ತೆರೆದ ಕೂಡಲೇ ಅದನ್ನು ಪೂರ್ತಿ ಓದಿಸುವುದಿಲ್ಲ. ಮೊದಲು ಪುಟದ ಶೀರ್ಷಿಕೆ ಕೇಳುತ್ತೇನೆ. ಆಮೇಲೆ ಎಚ್ ಕೀಲಿಯನ್ನು ಒತ್ತುತ್ತಾ ತಲೆಬರಹಗಳ ಮೇಲೆ ಹಾರುತ್ತಾ ಹೋಗುತ್ತೇನೆ. ಅಷ್ಟರಲ್ಲೇ ಪುಟ ಕಟ್ಟಿದವರು ಓದುಗರನ್ನು ಎಷ್ಟು ನೆನಪಿನಲ್ಲಿಟ್ಟುಕೊಂಡಿದ್ದಾರೆ ಎಂಬುದು ತಿಳಿದುಬಿಡುತ್ತದೆ. ಬಳಿಕ ಇನ್ಸರ್ಟ್ ಮತ್ತು ಎಫ್7 ಒಟ್ಟಿಗೆ ಒತ್ತಿ ಕೊಂಡಿಗಳ ಪಟ್ಟಿ ತೆರೆಯುತ್ತೇನೆ. ‘ಇಲ್ಲಿ ಕ್ಲಿಕ್ ಮಾಡಿ’, ‘ಇಲ್ಲಿ ಕ್ಲಿಕ್ ಮಾಡಿ’ ಎಂದು, ಯಾವ ಕೊಂಡಿ ಎಲ್ಲಿಗೆಂದು ತಿಳಿಯದಂತೆ, ಸಾಲಾಗಿ ಕೇಳಿಬಂದರೆ ವರದಿಯ ಮೊದಲ ಪುಟ ಅಲ್ಲಿಗೇ ತುಂಬಿತೆಂದು ಲೆಕ್ಕ. ಇಷ್ಟೆಲ್ಲ ಆದ ಮೇಲೆಯೇ ಅರ್ಜಿಗಳ ಸರದಿ.

ಒಂದು ಪತ್ತಿನ ಸೊಸೈಟಿಯ ತಾಣದಲ್ಲಿ ಸದಸ್ಯರು ವಿಳಾಸ ಬದಲಿಸಿಕೊಳ್ಳುವ ಅರ್ಜಿಯನ್ನು ಪರೀಕ್ಷಿಸುವಾಗ ಕೇಳಿಸಿದ್ದು ಇದು: ‘ಎಡಿಟ್, ಬ್ಲ್ಯಾಂಕ್.’ ಟ್ಯಾಬ್ ಒತ್ತಿದರೆ ಮತ್ತೆ ‘ಎಡಿಟ್, ಬ್ಲ್ಯಾಂಕ್.’ ಅಂದರೆ ತುಂಬಬೇಕಾದ ಖಾಲಿ ಪೆಟ್ಟಿಗೆ ಎಂದಷ್ಟೇ, ಯಾವುದಕ್ಕೆ ಎಂದಿಲ್ಲ. ಕೊನೆಯಲ್ಲಿ ‘ಬಟನ್’ ಎಂಬ ಒಂಟಿ ಪದ. ಕಣ್ಣಿದ್ದವರಿಗೆ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಹೆಸರು ಕಾಣುತ್ತದೆ, ಆದರೆ ಆ ಹೆಸರನ್ನು ಪೆಟ್ಟಿಗೆಯೊಂದಿಗೆ ಕೋಡ್‌ನಲ್ಲಿ ಯಾರೂ ಬೆಸೆದಿರಲಿಲ್ಲ. ತಪ್ಪು ತುಂಬಿ ಸಲ್ಲಿಸಿದರೆ ಪುಟದ ತುದಿಯಲ್ಲಿ ಕೆಂಪಕ್ಷರದ ಎಚ್ಚರಿಕೆ ಮೂಡುತ್ತಿತ್ತಂತೆ. ನನಗೆ ಏನೂ ಕೇಳಿಸಲಿಲ್ಲ. ಇಂಥ ಸ್ಥಿತಿಸೂಚನೆಗಳನ್ನು ಸ್ಕ್ರೀನ್ ರೀಡರಿಗೆ ತಲುಪಿಸಬೇಕೆಂಬ ಮಾನದಂಡ ಅಕ್ಸೆಸಿಬಿಲಿಟಿಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ 2018ರ 2.1 ಆವೃತ್ತಿಯಲ್ಲೇ ಸೇರಿದೆ. ಎನ್‌ವಿಡಿಎಯ ಸ್ಪೀಚ್ ವ್ಯೂವರ್ ಎಂಬ ಕಿಟಕಿಯನ್ನು ತೆರೆದು ಡೆವಲಪರ್‌ಗೆ ಪರದೆ ಹಂಚಿಕೊಂಡಾಗ, ನಾನು ಕೇಳುವುದೆಲ್ಲ ಅವರಿಗೆ ಅಕ್ಷರರೂಪದಲ್ಲಿ ಕಾಣಿಸಿತು. ಅಲ್ಲಿಯವರೆಗೆ ವಾದ ಮಾಡುತ್ತಿದ್ದ ಆ ಹುಡುಗ ತಕ್ಷಣವೇ ಕೆಲಸಕ್ಕೆ ಕೈಹಾಕಿದ. ಎಷ್ಟು ಪುಟದ ವರದಿ ಬರೆದರೂ ಆಗದ ಪರಿಣಾಮ ಆ ಕಿಟಕಿಯಿಂದ ಆಗುತ್ತದೆ. ನನ್ನ ಮಟ್ಟಿಗೆ ಇಡೀ ತಂತ್ರಾಂಶದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಅದೇ.

ಹಾಗೆಂದು ಎನ್‌ವಿಡಿಎ ಒಂದರಿಂದಲೇ ತಪಾಸಣೆ ಮುಗಿಯುತ್ತದೆ ಎಂದು ಯಾರೂ ಭಾವಿಸಬಾರದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ 4.5:1 ಅನುಪಾತದ ವ್ಯತ್ಯಾಸ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಉಪಕರಣವೂ ಕಣ್ಣಿರುವ ಸಹೋದ್ಯೋಗಿಯೂ ಬೇಕು. ಇನ್ನೊಂದು ಅಪಾಯ ಅಷ್ಟು ಸುಲಭವಾಗಿ ಗಮನಕ್ಕೆ ಬರುವಂಥದ್ದಲ್ಲ. ಪುಟವನ್ನು ಓದುತ್ತಾ ಸಾಗಲು ಬಳಸುವ ಬ್ರೌಸ್ ಮೋಡ್‌ನಲ್ಲಿ ಎಂಟರ್ ಒತ್ತಿದಾಗ ಎನ್‌ವಿಡಿಎ ಮೌಸ್‌ ಕ್ಲಿಕ್‌ಗೆ ಸಮನಾದ ಸಂಕೇತವನ್ನೂ ಕಳುಹಿಸಬಲ್ಲದು. ಹಾಗಾಗಿ ನನಗೆ ಕೆಲಸ ಮಾಡಿದ ಗುಂಡಿ, ಕೈ ನಡುಕದಿಂದ ಮೌಸ್ ಹಿಡಿಯಲಾಗದೆ ಬರೀ ಕೀಬೋರ್ಡ್ ನೆಚ್ಚಿದವರಿಗೆ ಕೆಲಸ ಮಾಡದೇ ಇರಬಹುದು. ಟ್ಯಾಬ್ ಕೀಲಿಯೊಂದರಿಂದಲೇ ಪುಟದ ಎಲ್ಲ ಗುಂಡಿಗಳನ್ನು ಮುಟ್ಟಬಹುದೇ ಎಂದು ನಾನು ಪ್ರತ್ಯೇಕವಾಗಿ ನೋಡುವುದು ಈ ಕಾರಣಕ್ಕೆ.

ಇಲ್ಲಿಯವರೆಗೆ ಹೇಳಿದ್ದು ಇಂಗ್ಲಿಷ್ ಪುಟಗಳ ಕಥೆ. ಕನ್ನಡ ಪುಟ ಬಂದ ಕೂಡಲೇ ನನ್ನ ಸಮಾಧಾನ ಹೊರಟುಹೋಗುತ್ತದೆ, ಅದಕ್ಕೆ ಬಹುಪಾಲು ಕಾರಣ ಎನ್‌ವಿಡಿಎ ಅಲ್ಲ. ಪುಟ ಯಾವ ಭಾಷೆಯಲ್ಲಿದೆ ಎಂಬುದನ್ನು ಕೋಡ್‌ನಲ್ಲೇ ನಮೂದಿಸಬೇಕೆಂಬುದು ಡಬ್ಲ್ಯುಸಿಎಜಿಯ ಅತ್ಯಂತ ಪ್ರಾಥಮಿಕ ಹಂತದ ನಿಯಮ. ಆ ನಮೂದನ್ನು ನೋಡಿಯೇ ಎನ್‌ವಿಡಿಎ ಧ್ವನಿಯ ಭಾಷೆಯನ್ನು ಬದಲಿಸಿಕೊಳ್ಳುತ್ತದೆ. ಮುಂಬಯಿಯ ಕನ್ನಡ ಸಂಘವೊಂದರ ತಾಣದಲ್ಲಿ ಪುಟ ಪೂರ್ತಿ ಕನ್ನಡದಲ್ಲಿತ್ತು, ನಮೂದು ಮಾತ್ರ ಸಿದ್ಧ ವಿನ್ಯಾಸದಿಂದ ಬಂದ ಇಂಗ್ಲಿಷಿನದೇ ಉಳಿದಿತ್ತು. ವಿಂಡೋಸ್‌ನ ಇಂಗ್ಲಿಷ್ ಧ್ವನಿಯಲ್ಲಿ ವಾರ್ಷಿಕ ಸಭೆಯ ಸೂಚನೆಯನ್ನು ಓದಿಸಿದೆ. ಕನ್ನಡದ ಸಾಲುಗಳನ್ನು ಅದು ಮೌನವಾಗಿ ದಾಟುತ್ತಾ ಹೋಯಿತು. ದಿನಾಂಕದ ‘ಟ್ವೆಂಟಿ ಫೈವ್’ ಒಂದು ಕೇಳಿಸಿತು, ಸಭೆಯ ವೇಳೆ ಕೇಳಿಸಿತು, ನಡುವೆ ಏನೂ ಇಲ್ಲ. ಸಭೆ ಎಲ್ಲಿ, ಯಾರು ಬರಬೇಕು, ಏನನ್ನು ತೀರ್ಮಾನಿಸುತ್ತಾರೆ ಎಂಬುದು ಕುರುಡ ಸದಸ್ಯನಿಗೆ ತಿಳಿಯುವ ಹಾದಿಯೇ ಇರಲಿಲ್ಲ. ಅದೇ ಪುಟವನ್ನು ಸ್ವಯಂಚಾಲಿತ ಉಪಕರಣದಿಂದ ಪರೀಕ್ಷಿಸಿದಾಗ ಭಾಷೆಯ ವಿಷಯದಲ್ಲಿ ಪೂರ್ತಿ ಉತ್ತೀರ್ಣ ಎಂಬ ಫಲ ಬಂದಿತು, ಏಕೆಂದರೆ ಅದು ಪರೀಕ್ಷಿಸುವುದು ನಮೂದು ಇದೆಯೇ, ಅದರ ರೂಪ ಸರಿಯೇ ಎಂಬುದನ್ನು ಮಾತ್ರ. ನಮೂದಿಸಿದ ಭಾಷೆಯೇ ಪುಟದಲ್ಲಿದೆಯೇ ಎಂದು ಅದು ನೋಡುವುದಿಲ್ಲ.

ಇದಕ್ಕಿಂತ ಕಠಿಣವಾದದ್ದು ಹಳೆಯ ಅಕ್ಷರಶೈಲಿಗಳ ಸಮಸ್ಯೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ವ್ಯವಸ್ಥೆಯೇ ಯುನಿಕೋಡ್. ಯುನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿ ಪಿಡಿಎಫ್ ಮಾಡಿದ ಸುತ್ತೋಲೆಗಳು ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವೇ; ಒಳಗಿರುವುದು ಮಾತ್ರ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ‘ಕನ್ನಡ’ ಎಂಬ ಪದವೇ ಅದರಲ್ಲಿ ‘ಪಿ’ ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗಿ, ನಡುವೆ ಬ್ರಿಟಿಷ್ ಪೌಂಡ್‌ನ ಚಿಹ್ನೆಯನ್ನು ಹೊತ್ತುಕೊಂಡಿರುತ್ತದೆ. ಸ್ಕ್ರೀನ್ ರೀಡರ್ ಅದನ್ನು ಹಾಗೆಯೇ ಓದಿದರೆ ತಪ್ಪು ಅದರದಲ್ಲ. ಅಂಕಿಗಳ ಕೀಬೋರ್ಡ್ ನನಗೆ ಬೇಕಾದದ್ದು ಇಲ್ಲೇ: ಬಲಬದಿಯ 2ನ್ನು ಬೇಗಬೇಗನೆ ಮೂರು ಸಲ ಒತ್ತಿದರೆ ಎನ್‌ವಿಡಿಎ ಆ ಅಕ್ಷರದ ಸಂಕೇತಸಂಖ್ಯೆಯನ್ನು ಹೇಳುತ್ತದೆ. ಯುನಿಕೋಡ್‌ನ ‘ಕ’ ಆಗಿದ್ದರೆ 3221 ಎಂದು ಕೇಳಿಸಬೇಕು. ಕನ್ನಡಕ್ಕೆ ಮೀಸಲಾದ ಸ್ಥಾನಗಳೆಲ್ಲ 3200ರಿಂದ 3327ರೊಳಗೆ ಇವೆ. ಅದಕ್ಕಿಂತ ಬಹಳ ಚಿಕ್ಕ ಸಂಖ್ಯೆ ಬಂದರೆ ಹಳೆಯ ಅಕ್ಷರಶೈಲಿ ಎಂಬುದು ಖಚಿತ, ಮತ್ತು ಆ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ.

ಮುಂಬಯಿಯ ಪುಟಗಳಲ್ಲಿ ಮರಾಠಿಯೂ ಹಿಂದಿಯೂ ಬೆರೆತಿರುತ್ತವೆ. ಎರಡಕ್ಕೂ ದೇವನಾಗರಿಯೇ ಲಿಪಿಯಾದ್ದರಿಂದ ಲಿಪಿ ನೋಡಿ ಭಾಷೆ ತಿಳಿಯುವಂತಿಲ್ಲ, ಪ್ರತಿಯೊಂದು ಭಾಗಕ್ಕೂ ಭಾಷೆಯ ನಮೂದು ಬೇಕು. ನಮೂದು ತಪ್ಪಿದರೆ ಮರಾಠಿ ವಿಳಾಸದಲ್ಲಿ ‘ಪಂಚವೀಸ್’ ಎಂದು ಕೇಳಿಸಬೇಕಾದ 25 ಹಿಂದಿಯ ‘ಪಚ್ಚೀಸ್’ ಆಗಿಬಿಡುತ್ತದೆ.

ನಮೂದೂ ಯುನಿಕೋಡೂ ಸರಿಯಿದ್ದಾಗ ಉಳಿಯುವುದು ಎನ್‌ವಿಡಿಎ ಜೊತೆಗೇ ಬರುವ ಕನ್ನಡ ಧ್ವನಿ. ಅದು ಮನುಷ್ಯರಿಂದ ಓದಿಸಿ ಮುದ್ರಿಸಿಕೊಂಡದ್ದಲ್ಲ, ಲೆಕ್ಕಾಚಾರದಿಂದ ಹುಟ್ಟಿಸಿದ್ದು. ಗಾತ್ರದಲ್ಲಿ ಚಿಕ್ಕದು, ಎಷ್ಟು ವೇಗಕ್ಕೆ ಏರಿಸಿದರೂ ಪದಗಳು ಕಲಸಿಹೋಗುವುದಿಲ್ಲ. ಆದರೆ ಗಂಟೆಗಟ್ಟಲೆ ಕೇಳಿದರೆ ದಣಿವಾಗುತ್ತದೆ. ಒಂದು ಲೇಖನವನ್ನು ಸವಿಯಬೇಕೆನಿಸಿದರೆ ನಾನು ಆಂಡ್ರಾಯ್ಡ್ ಫೋನಿನ ಕನ್ನಡ ಧ್ವನಿಗೆ ಹೋಗುತ್ತೇನೆ. ತಪಾಸಣೆಗೆ ಮಾತ್ರ ಇದೇ ಸಾಕು, ಏಕೆಂದರೆ ಅಲ್ಲಿ ನನಗೆ ಬೇಕಾದದ್ದು ಇಂಪಲ್ಲ, ಯಾವ ಅಕ್ಷರ ಎಲ್ಲಿ ಬಿಟ್ಟುಹೋಯಿತು ಎಂಬ ಮಾಹಿತಿ. ಉಚ್ಚಾರ ವಿಚಿತ್ರವಾಗಿ ಕೇಳಿದಾಗ ಸ್ಪೀಚ್ ವ್ಯೂವರ್‌ಗೆ ಹೋಗಿರುವ ಪಠ್ಯವನ್ನು ಅಕ್ಷರ ಅಕ್ಷರವಾಗಿ ಓದಿಸುತ್ತೇನೆ. ಅಲ್ಲಿ ಕನ್ನಡ ಸರಿಯಿದ್ದರೆ ದೋಷ ಧ್ವನಿಯದು, ತಾಣದ್ದಲ್ಲ. ಅದನ್ನು ನಾನು ವರದಿಗೆ ಸೇರಿಸುವುದಿಲ್ಲ. ಈ ಎರಡನ್ನೂ ಬೇರ್ಪಡಿಸದೆ ಬರೆದ ವರದಿಗಳನ್ನು ಓದಿದ್ದೇನೆ, ಅವುಗಳಿಂದ ಡೆವಲಪರ್‌ಗಳಿಗೆ ಕನ್ನಡದ ಬಗ್ಗೆಯೇ ತಪ್ಪು ಅಭಿಪ್ರಾಯ ಮೂಡುತ್ತದೆ.

ಈಗ ತಪಾಸಣೆಗೆ ಬೇಡಿಕೆ ಹೆಚ್ಚಿದೆ. ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪಿತ್ತಿತು. ಅದೇ ವರ್ಷದ ಜುಲೈ 31ರಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ತನ್ನ ವ್ಯಾಪ್ತಿಯ ಸಂಸ್ಥೆಗಳಿಗೆ ಅಕ್ಸೆಸಿಬಿಲಿಟಿ ತಪಾಸಣೆಯನ್ನು ಕಡ್ಡಾಯ ಮಾಡಿತು. ಸೆಬಿ ಕೇಳುವುದು ಪ್ರಮಾಣಪತ್ರ ಪಡೆದ ತಪಾಸಕರನ್ನು. ಅಂಥವರ ತಂಡಗಳಿಗೆ ಸ್ಕ್ರೀನ್ ರೀಡರ್ ಪರೀಕ್ಷೆಯ ಭಾಗವನ್ನು ನನ್ನಂಥವರು ಮಾಡಿಕೊಡುತ್ತೇವೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ, ಕಣ್ಣಿರಲಿ ಇಲ್ಲದಿರಲಿ, ಎನ್‌ವಿಡಿಎಯನ್ನು ಮೊದಲು ಕಲಿಯಿರಿ ಎಂದೇ ಹೇಳುತ್ತೇನೆ. ಅದನ್ನು ಬೆಳೆಸುತ್ತಿರುವ ಸಂಸ್ಥೆ ದೇಣಿಗೆಯನ್ನೂ ಸ್ವೀಕರಿಸುತ್ತದೆ. ವರ್ಷಕ್ಕೊಮ್ಮೆ ನನ್ನ ಕೈಲಾದಷ್ಟು ಕಳುಹಿಸುತ್ತೇನೆ. ಮೇಲೆ ಹೇಳಿದ ಮುಂಬಯಿಯ ಕನ್ನಡ ಸಂಘದವರು ಭಾಷೆಯ ನಮೂದನ್ನು ಸರಿಪಡಿಸಿದ್ದಾರೆ, ಸಭೆಯ ಸೂಚನೆಗಳನ್ನು ಈಗ ಕನ್ನಡದಲ್ಲೇ ಕೇಳಬಹುದು. ಹಳೆಯ ಸುತ್ತೋಲೆಗಳ ಪಿಡಿಎಫ್‌ಗಳನ್ನು ಯುನಿಕೋಡ್‌ಗೆ ತರುವ ಕೆಲಸ ಇನ್ನೂ ಬಾಕಿ ಇದೆ, ಅದರಲ್ಲಿ ಬೈಲಾದ ಕಡತವನ್ನು ಮೊದಲು ಎತ್ತಿಕೊಳ್ಳಿ ಎಂದು ಅವರಿಗೆ ಬರೆದಿದ್ದೇನೆ.